ಒಂದೇ ಅಚ್ಚು, ಹಲವು ಪುಟ: ಸಣ್ಣ ವರ್ತಕರ ಜಾಲತಾಣ

1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅಚ್ಚಿನಿಂದ ಹೊರಬಂದ ಪ್ರತಿಯೊಂದು ಹಂಚೂ ಪಕ್ಕದ ಹಂಚಿನೊಡನೆ ಕೂಡಿಕೊಳ್ಳುತ್ತಿತ್ತು; ಒಂದು ಒಡೆದರೆ ಅದೊಂದನ್ನೇ ಬದಲಾಯಿಸಿದರೆ ಸಾಕಿತ್ತು. ಅದೇ ನೇತ್ರಾವತಿಯ ಮೇಲ್ದಂಡೆಯಲ್ಲಿರುವ ಬಿ.ಸಿ.ರೋಡಿನ ವರ್ತಕರಿಗೆ ಜಾಲತಾಣದ ಟೆಂಪ್ಲೇಟ್ ಎಂದರೇನೆಂದು ತಿಳಿಯಲು ಬೇರೆ ಉದಾಹರಣೆ ಬೇಕಾಗಲಾರದು.

ಸಂಸ್ಥೆಯ ಹೆಸರು, ಲಾಂಛನ, ಬಣ್ಣ, ಅಕ್ಷರಶೈಲಿ, ವಿಳಾಸ, ದೂರವಾಣಿ, ಪುಟಗಳ ಪಟ್ಟಿ ಇವೆಲ್ಲವನ್ನೂ ಒಂದೇ ಕಡತದಲ್ಲಿರಿಸಿ, ಪ್ರತಿ ಪುಟವೂ ಅಲ್ಲಿಂದಲೇ ಅವನ್ನು ಪಡೆಯುವಂತೆ ಮಾಡುವುದು ಟೆಂಪ್ಲೇಟಿನ ತತ್ತ್ವ. ಪುಟದ ನಡುಭಾಗ ಮಾತ್ರ ಸರಕಿಗೆ ತಕ್ಕಂತೆ ಬದಲಾಗುತ್ತದೆ. ಹಾಗಿದ್ದರೂ ಹಳೆಯ ಪುಟವೊಂದನ್ನು ನಕಲು ಮಾಡಿ ತಿದ್ದುವುದೇ ಅನೇಕರ ರೂಢಿ. ಅದು ಅಚ್ಚಲ್ಲ, ಕೈಯಲ್ಲಿ ತಟ್ಟಿದ ಹಂಚು.

ಈ ವ್ಯತ್ಯಾಸದ ಬೆಲೆ ತಿಳಿಯುವುದು ಬದಲಾವಣೆಯ ದಿನ. ನಲವತ್ತು ಪುಟಗಳ ಜಾಲತಾಣವುಳ್ಳ ಉಪ್ಪಿನಕಾಯಿ ಘಟಕವೊಂದನ್ನು ಊಹಿಸಿಕೊಳ್ಳಬಹುದು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿಯೂ ಊರಿನ ಹೆಸರು ಮಂಗಳೂರು ಎಂದಾಯಿತು. 2017ರ ಜುಲೈ 1ರಂದು ವ್ಯಾಟ್ ನೋಂದಣಿ ಸಂಖ್ಯೆಯ ಸ್ಥಾನಕ್ಕೆ ಜಿಎಸ್‌ಟಿ ಸಂಖ್ಯೆ ಬಂದಿತು. 2025ರ ಸೆಪ್ಟೆಂಬರ್ 22ರಿಂದ ಅನೇಕ ಆಹಾರ ಪದಾರ್ಥಗಳ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಟೆಂಪ್ಲೇಟ್ ಇದ್ದಲ್ಲಿ ಸಂಖ್ಯೆಯನ್ನೂ ವಿಳಾಸವನ್ನೂ ಒಮ್ಮೆ ತಿದ್ದಿದರೆ ತೀರಿತು. ಇಲ್ಲದಿದ್ದರೆ ನಲವತ್ತು ಕಡೆ ತಿದ್ದಬೇಕು, ಅದರಲ್ಲಿ ಎರಡು ಮೂರು ಪುಟಗಳು ಉಳಿದೇಹೋಗುತ್ತವೆ. ಹೊರ ಊರಿನ ಖರೀದಿದಾರನ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಆ ಉಳಿದ ಪುಟವೇ.

ಕನ್ನಡದ ಪುಟಗಳಿಗೆ ಇನ್ನೊಂದು ಸಮಸ್ಯೆಯಿದೆ. ಸಿದ್ಧವಾಗಿ ದೊರೆಯುವ ಟೆಂಪ್ಲೇಟುಗಳು ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿಗಳು. ಇಂಗ್ಲಿಷಿನಲ್ಲಿ ಒಂದು ಪುಟ್ಟ ಪದ ಸಾಕಾಗುವ ಗುಂಡಿಯಲ್ಲಿ ‘ನಮ್ಮನ್ನು ಸಂಪರ್ಕಿಸಿ’ ಎಂದು ಬರೆದರೆ ಅದು ಎರಡು ಸಾಲಾಗಿ ಪಟ್ಟಿಯೇ ಕೆಡುತ್ತದೆ. ಸಾಲುಗಳ ನಡುವಣ ಅಂತರ ಕಿರಿದಾಗಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ. ಆದುದರಿಂದ ಅಚ್ಚನ್ನು ಒಪ್ಪುವ ಮುನ್ನ ‘ಸ್ವಾತಂತ್ರ್ಯ’, ‘ಉತ್ಕೃಷ್ಟ’ದಂತಹ ಪದಗಳನ್ನೂ ತಮ್ಮ ಸರಕುಗಳಲ್ಲಿ ಅತಿ ಉದ್ದದ ಹೆಸರನ್ನೂ ಹಾಕಿ, ಕಂಪ್ಯೂಟರಿನಲ್ಲಷ್ಟೇ ಅಲ್ಲದೆ ಮೊಬೈಲಿನಲ್ಲಿಯೂ ನೋಡತಕ್ಕದ್ದು. ಅಕ್ಷರಗಳು ಯೂನಿಕೋಡಿನಲ್ಲಿರಲೇಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಪುಟಗಳು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದುದನ್ನು ಹಳಬರು ಮರೆತಿರಲಾರರು. ಅಂತಹ ಪುಟ ಹುಡುಕು ಯಂತ್ರಕ್ಕೂ ಕನ್ನಡವೆಂದು ತಿಳಿಯದು.

ಎಲ್ಲ ಪುಟಗಳೂ ಒಂದೇ ಬಗೆಯಾದರೆ ಆಕರ್ಷಣೆ ಉಳಿಯುವುದೇ ಎಂಬ ಸಂಶಯ ಸಹಜ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಎಸ್‌3ವಾಸ್ ವ್ಯವಸ್ಥೆಯಲ್ಲಿ ದೇಶದ ನೂರಾರು ಜಿಲ್ಲೆಗಳ ಜಾಲತಾಣಗಳು ಒಂದೇ ಚೌಕಟ್ಟಿನಲ್ಲಿ ನಿಂತಿವೆ. ಒಂದು ಜಿಲ್ಲೆಯ ತಾಣವನ್ನು ಬಳಸಿ ಬಲ್ಲವರು ಇನ್ನೊಂದರಲ್ಲಿ ತಡಕಾಡಬೇಕಿಲ್ಲ. ಸರಕಾರಿ ತಾಣಕ್ಕೆ ಅಷ್ಟು ಸಾಕು, ವ್ಯಾಪಾರಿಗೆ ಸಾಲದು. ಆದರೆ ವ್ಯಾಪಾರಿಯ ಆಕರ್ಷಣೆ ಚೌಕಟ್ಟಿನಲ್ಲಿಲ್ಲ, ನಡುವಿನ ಖಾಲಿ ಜಾಗದಲ್ಲಿದೆ. ಸ್ವಂತ ಅಂಗಳದಲ್ಲಿ ಒಣಗುತ್ತಿರುವ ಅಡಿಕೆಯ ಚಿತ್ರ, ಚೀಲದ ತೂಕ, ಕನಿಷ್ಠ ಎಷ್ಟು ಕೊಳ್ಳಬೇಕು, ಎಷ್ಟು ದಿನದಲ್ಲಿ ಸರಕು ತಲಪುತ್ತದೆ ಎಂಬ ನಾಲ್ಕು ಸಾಲುಗಳು ಓಡುವ ಅಕ್ಷರ, ಮಿನುಗುವ ದೀಪಗಳಿಗಿಂತ ಹೆಚ್ಚು ಹೊತ್ತು ಗಿರಾಕಿಯನ್ನು ನಿಲ್ಲಿಸುತ್ತವೆ. ಎಲ್ಲಿಂದಲೋ ತಂದ ನಗುಮುಖದ ಚಿತ್ರಗಳನ್ನು ಗಿರಾಕಿ ಬೇರೆ ನೂರು ಕಡೆ ಕಂಡಿರುತ್ತಾನೆ.

ಕೆಲಸವನ್ನು ಹೊರಗಿನವರಿಗೆ ಒಪ್ಪಿಸುವಾಗ ಒಂದು ಕರಾರನ್ನು ಬರವಣಿಗೆಯಲ್ಲಿ ಪಡೆಯುವುದು ಒಳಿತು. ತಾಣದ ಹೆಸರು ವರ್ತಕರ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ಟೆಂಪ್ಲೇಟಿನ ಮೂಲ ಕಡತ ಮತ್ತು ಪ್ರವೇಶಪದಗಳು ಅಂಗಡಿಯಲ್ಲಿರಬೇಕು. ವಿನ್ಯಾಸ ಮಾಡಿದ ತರುಣ ನಾಳೆ ಬೆಂಗಳೂರಿಗೆ ಹೋದರೂ ಹೊಸ ಸರಕಿನ ಪುಟವೊಂದನ್ನು ಅಂಗಡಿಯ ಗುಮಾಸ್ತರೇ ಅರ್ಧ ಗಂಟೆಯಲ್ಲಿ ಸೇರಿಸುವಂತಿರಬೇಕು. ಹಣದ ಕೊನೆಯ ಕಂತನ್ನು ಕೊಡುವ ಮೊದಲು ಅವರಿಂದಲೇ ಒಂದು ಪುಟ ಮಾಡಿಸಿ ನೋಡಬಹುದು.