ಕಾರಿನ ಬಣ್ಣಕ್ಕೆ ಅಂಟಿದ ಕಬ್ಬಿಣದ ಕಣಗಳು

ಪ್ರಶ್ನೆ: ಬಿಳಿ ಕಾರಿನ ಮೇಲೆ ಎಷ್ಟು ತೊಳೆದರೂ ಹೋಗದ ಕಿತ್ತಳೆ ಚುಕ್ಕೆಗಳು ಏಕೆ ಮೂಡುತ್ತವೆ? ಅವನ್ನು ತೆಗೆಯುವುದು ಹೇಗೆ?

ಉತ್ತರ: ಬ್ರೇಕ್ ಹಾಕಿದಾಗ ಡಿಸ್ಕಿನಿಂದ ಸವೆದು ಹಾರುವ, ಅಥವಾ ರೈಲು ಹಳಿಗಳ ಬಳಿ ಗಾಳಿಯಲ್ಲಿ ತೇಲಿಬರುವ ಕಬ್ಬಿಣದ ಕಣಗಳು ಬಣ್ಣದ ಮೇಲಿರುವ ಕ್ಲಿಯರ್ ಕೋಟ್‌ನಲ್ಲಿ, ಅಂದರೆ ಪಾರದರ್ಶಕ ರಕ್ಷಾಪದರದಲ್ಲಿ, ನಾಟಿಕೊಂಡು ತೇವಕ್ಕೆ ತುಕ್ಕು ಹಿಡಿಯುವುದರಿಂದ ಈ ಚುಕ್ಕೆಗಳು ಮೂಡುತ್ತವೆ. ತೊಳೆದ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಾನೆಟ್ ಸವರಿದರೆ, ಕಣ್ಣಿಗೆ ಕಾಣದ ಕಣಗಳೂ ಬೆರಳಿಗೆ ಒರಟಾಗಿ ತಾಗುತ್ತವೆ.

ಇವನ್ನು ಬ್ಲೇಡಿನಿಂದ ಕೆರೆಯುವುದಾಗಲಿ ಸ್ಟೀಲ್ ಉಣ್ಣೆಯಿಂದ ಉಜ್ಜುವುದಾಗಲಿ ಸರ್ವಥಾ ಸಲ್ಲದು. ಕೂದಲೆಳೆಗಿಂತ ತೆಳುವಾದ ಆ ಪದರ ಒಮ್ಮೆ ಗೀರಿಹೋದರೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಅಂಗಡಿಗಳಲ್ಲಿ ಸಿಗುವ ‘ಐರನ್ ರಿಮೂವರ್’ ದ್ರಾವಣಗಳಲ್ಲಿ ಸಾಮಾನ್ಯವಾಗಿರುವ ಥಯೋಗ್ಲೈಕೊಲೇಟ್ ಎಂಬ ಗಂಧಕಯುಕ್ತ ಲವಣವು ಕಬ್ಬಿಣದೊಡನೆ ಸೇರಿ ನೀರಿನಲ್ಲಿ ಕರಗುವ ಸಂಯುಕ್ತವಾಗುವುದರಿಂದ, ಸಿಂಪಡಿಸಿದ ಸ್ವಲ್ಪ ಹೊತ್ತಿಗೇ ಬಾಗಿಲುಗಳ ಮೇಲೆ ನೇರಳೆ ಬಣ್ಣದ ಗೆರೆಗಳು ಇಳಿಯತೊಡಗುತ್ತವೆ. ಕಾರು ನೆರಳಿನಲ್ಲಿ ತಣ್ಣಗಿರಬೇಕು, ಕೈಗವಸು ಇರಬೇಕು, ಗಾಳಿಯಾಡುವ ಜಾಗವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಡಬ್ಬಿಯ ಮೇಲೆ ಹೇಳಿದ ಅವಧಿ ಮೀರದಂತೆ, ದ್ರಾವಣ ಒಣಗುವ ಮುನ್ನವೇ ಧಾರಾಳ ನೀರಿನಿಂದ ತೊಳೆಯಬೇಕು. ಉಳಿದ ಕಣಗಳನ್ನು ‘ಕ್ಲೇ ಬಾರ್’ ಎಂಬ ಮಿದು ಜೇಡಿಯಂಥ ಮುದ್ದೆಯಿಂದ, ಜಾರುದ್ರವ ಹಾಕಿಕೊಂಡು, ಒತ್ತಡವಿಲ್ಲದೆ ಸವರಿ ತೆಗೆಯಬಹುದು; ನೆಲಕ್ಕೆ ಬಿದ್ದ ಮುದ್ದೆಯನ್ನು ಮತ್ತೆ ಬಳಸಬಾರದು. ಕೊನೆಗೆ ಮೇಣ ಹಚ್ಚುವುದು ಒಳ್ಳೆಯದು. ತುಕ್ಕು ಆ ರಕ್ಷಾಪದರವನ್ನು ಕೊರೆದು ಕುಳಿ ಮಾಡಿದ್ದರೆ ಮಾತ್ರ ಯಾವ ದ್ರಾವಣದಿಂದಲೂ ಪ್ರಯೋಜನವಿಲ್ಲ; ಆ ಭಾಗಕ್ಕೆ ಹೊಸದಾಗಿ ಬಣ್ಣ ಹೊಡೆಸಬೇಕಾಗುತ್ತದೆ.