ಆಶ್ರಯ ಬೇಡಿ ಬಂದವರಿಗೆ ಎಷ್ಟು ಅಳತೆಗೋಲು?

ಚಳಿಗಾಲ ಬಂತೆಂದರೆ ನಮ್ಮ ನಾಡಿನ ಪಟ್ಟಣಗಳಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಕಾಣಿಸಿಕೊಳ್ಳುತ್ತವೆ. ನಮ್ಮ ಸಹೋದರಿಯರು ಅವರೊಡನೆ ಚೌಕಾಶಿ ಮಾಡಿ, ನಕ್ಕು, ಮಕ್ಕಳಿಗೆ ಟೋಪಿ ಕೊಂಡು ಬರುತ್ತಾರೆ. ಅವರು ನಿರಾಶ್ರಿತರೆಂಬುದು ಯಾರಿಗೂ ಹೊಳೆಯುವುದಿಲ್ಲ. ಅದೇ ಪೇಟೆಯಲ್ಲಿ ಗಾರೆ ಕೆಲಸಕ್ಕೆ ಬಂದ ಬಂಗಾಳಿ ಮಾತಿನ ಹುಡುಗನನ್ನು ಕಂಡರೆ ಮಾತ್ರ ‘ಬಾಂಗ್ಲಾದವನಿರಬೇಕು’ ಎಂಬ ಪಿಸುಮಾತು ಏಳುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು?

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಕುಟುಂಬಗಳು ಹಿಮಾಲಯ ದಾಟಿದವು. ಇವರಿಗೆ ಜಾಗ ಕೊಡಿರೆಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದವರಲ್ಲಿ ಆಗಿನ ಮೈಸೂರು ರಾಜ್ಯ ಮುಖ್ಯವಾದುದು. ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡು ಅವರಿಗೆ ದೊರೆಯಿತು. ಹಿಮದ ನಾಡಿನವರು ಇಲ್ಲಿನ ಸೆಕೆಯಲ್ಲಿ ಮರ ಕಡಿದರು, ಆನೆಗಳಿಗೆ ಹೆದರಿ ರಾತ್ರಿ ಕಳೆದರು, ಜೋಳ ಬೆಳೆದರು. 1966ರಲ್ಲಿ ಮುಂಡಗೋಡ, ಆಮೇಲೆ ಹುಣಸೂರು, ಕೊಳ್ಳೇಗಾಲದ ಕಡೆಯೂ ವಸತಿಗಳಾದವು.

ಇದರಲ್ಲಿ ನಮ್ಮ ಜಿಲ್ಲೆಗೂ ಒಂದು ಪಾಲಿದೆ. ಬೈಲಕುಪ್ಪೆ ಶುರುವಾದಾಗ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿ, ಮುಂಡಗೋಡದ ಹೊತ್ತಿಗೆ ಎಸ್. ನಿಜಲಿಂಗಪ್ಪನವರು. ಆದರೆ ಟಿಬೆಟಿಯನ್ನರು ಮೊದಲು ನೆನೆಯುವ ಹೆಸರು ನಿಜಲಿಂಗಪ್ಪನವರದೇ. (ಇದೇ ನಿಜಲಿಂಗಪ್ಪನವರನ್ನು 1962ರಲ್ಲಿ ನಮ್ಮ ನೆರೆಯ ಹೊಸದುರ್ಗದ ಮತದಾರರು ಸೋಲಿಸಿದ್ದೂ ಉಂಟು!) ಚಿತ್ರದುರ್ಗದ ಬಳಿಯ ಸೀಬಾರದಲ್ಲಿ ಅವರ ಸ್ಮಾರಕವನ್ನು 2011ರಲ್ಲಿ ಉದ್ಘಾಟಿಸಿದವರು ಸ್ವತಃ ದಲೈ ಲಾಮಾ. ನಿಜಲಿಂಗಪ್ಪನವರು ಲಿಂಗಾಯತರು, ಬಂದವರು ಬೌದ್ಧರು. ಭಾಷೆ ಬೇರೆ, ಊಟ ಬೇರೆ. ಆದರೂ ನೆಲ ಸಿಕ್ಕಿತು, ಶಾಲೆ ಸಿಕ್ಕಿತು, ಗುರುತಿನ ಕಾಗದ ಸಿಕ್ಕಿತು. ಸರಕಾರವು ಹೀಗೆ ಸ್ಪಷ್ಟ ವ್ಯವಸ್ಥೆ ಮಾಡಿದ್ದರಿಂದಲೇ ಜನರ ಸಂಶಯವೂ ಕ್ರಮೇಣ ಕರಗಿತು ಎಂಬುದು ನನ್ನ ಅಭಿಪ್ರಾಯ. ಇಂದು ಬೈಲಕುಪ್ಪೆಯ ಸ್ವರ್ಣ ಮಂದಿರಕ್ಕೆ ನಮ್ಮ ಶಾಲಾಮಕ್ಕಳು ಪ್ರವಾಸ ಹೋಗುತ್ತಾರೆ.

ಆದರೆ ಇದು ಹಕ್ಕಾಗಿ ಸಿಕ್ಕಿದ್ದಲ್ಲ, ಸರಕಾರದ ಮರ್ಜಿಯಿಂದ ಸಿಕ್ಕಿದ್ದು. ನಿರಾಶ್ರಿತರ ಕುರಿತ 1951ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಅವರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಕಾನೂನಿಲ್ಲದ ಕಡೆ ಆಳುವವರ ಮನಸ್ಸೇ ಕಾನೂನಾಗುತ್ತದೆ. 2017ರಲ್ಲಿ ಮ್ಯಾನ್ಮಾರ್ ಸೈನ್ಯದ ದೌರ್ಜನ್ಯದಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿದರು. ಅದಕ್ಕೂ ಮುಂಚೆಯೇ ಭಾರತಕ್ಕೆ ಬಂದಿದ್ದ ರೋಹಿಂಗ್ಯಾಗಳನ್ನು ನಮ್ಮಲ್ಲಿ ‘ನುಸುಳುಕೋರರು’ ಎಂದು ಕರೆಯಲಾಯಿತು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಂತೂ ಮೂರು ನೆರೆದೇಶಗಳ ಆರು ಧರ್ಮದವರನ್ನು ಹೆಸರಿಸಿ ಮುಸ್ಲಿಮರನ್ನು ಬಿಟ್ಟಿತು. ಶ್ರೀಲಂಕಾದ ತಮಿಳರೂ ಟಿಬೆಟಿಯನ್ನರೂ ಅದರಲ್ಲಿಲ್ಲ.

ಇದನ್ನು ಅನ್ಯಾಯವೆನ್ನುವ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಡವೇ? ರೋಹಿಂಗ್ಯಾಗಳಿಗಾಗಿ ಕಣ್ಣೀರು ಮಿಡಿಯುವ ನಮ್ಮಲ್ಲಿ ಎಷ್ಟು ಮಂದಿಗೆ ಸಿಂಧನೂರಿನ ಕ್ಯಾಂಪುಗಳ ಬಂಗಾಳಿ ಹಿಂದೂಗಳ ಕಥೆ ಗೊತ್ತು? ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಕಳೆದುಕೊಂಡು ಬಂದವರು ಅವರು. ಅವರ ನೋವಿನ ಮಾತು ಬಂದಾಗ ನಾವು ವಿಷಯ ಬದಲಿಸುತ್ತೇವೆ. ನಮ್ಮವರಾದರೆ ನಿರಾಶ್ರಿತರು, ಬೇರೆಯವರಾದರೆ ಅವರ ಪಾಡು ಎಂಬ ಧೋರಣೆ ನಮ್ಮ ಮನೆಗಳಲ್ಲೂ ಇದೆ.

ನಮ್ಮ ಇತಿಹಾಸದ ಮೊದಲ ವಲಸೆ ಅಬಿಸೀನಿಯಕ್ಕೆ, ಒಬ್ಬ ಕ್ರೈಸ್ತ ದೊರೆಯ ನೆರಳಿಗೆ. ಓಡಿಹೋದವರನ್ನು ಮರಳಿ ಒಪ್ಪಿಸಿರೆಂದು ಕುರೈಶರು ಕಾಣಿಕೆಗಳೊಂದಿಗೆ ದೂತರನ್ನು ಕಳುಹಿಸಿದರು. ಆಸ್ಥಾನಿಕರು ಒಪ್ಪಿಯೂ ಬಿಟ್ಟಿದ್ದರು. ಆದರೆ ನಜಾಶಿ ದೊರೆ ಅವರ ಮಾತನ್ನೂ ಕೇಳದೆ ಒಪ್ಪಿಸಲಾರೆನೆಂದರು. ಜಅಫರ್ ಬಿನ್ ಅಬೀತಾಲಿಬ್(ರ) ಎದ್ದು ನಿಂತು ಎಲ್ಲವನ್ನೂ ವಿವರಿಸಿದರು. ಕಾಣಿಕೆಗಳು ಮರಳಿ ಹೋದವು, ಬಂದವರು ಉಳಿದರು. ಕಳುಹಿಸುವ ಮುನ್ನ ಕೇಳಬೇಕು: ಇಂದಿನ ಆಶ್ರಯ ಕಾನೂನುಗಳ ತಿರುಳೂ ಇಷ್ಟೇ. ಪರದೇಶದವರ ಜೀವಕ್ಕೂ ಸಂವಿಧಾನದ 21ನೇ ವಿಧಿಯ ರಕ್ಷಣೆ ಇದೆಯೆಂದು ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಹಾಗಿದ್ದೂ 2021ರಲ್ಲಿ, ನಿಯಮದಂತೆ ನಡೆದರೆ ರೋಹಿಂಗ್ಯಾಗಳನ್ನು ಗಡೀಪಾರು ಮಾಡಬಹುದೆಂದು ಅದೇ ನ್ಯಾಯಾಲಯ ಆದೇಶಿಸಿತು.

ದಿಲ್ಲಿಯ ಕಾನೂನು ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಬಾಡಿಗೆ ಮನೆಯ ಬೀಗದ ಕೈ ನಮ್ಮ ಬಳಿಯೇ ಇದೆಯಲ್ಲ! ಹೊಳಲ್ಕೆರೆಯಂಥ ಸಣ್ಣ ಊರಿಗೆ ಕೂಲಿಗೆ ಬರುವ ಬಂಗಾಳಿ ಮಾತಿನವರು ಮಾಲ್ದಾ, ಮುರ್ಷಿದಾಬಾದ್ ಎನ್ನುತ್ತಾರೆ. ಎರಡೂ ಪಶ್ಚಿಮ ಬಂಗಾಳದ ಜಿಲ್ಲೆಗಳು, ನಮ್ಮ ಚಿತ್ರದುರ್ಗದಷ್ಟೇ ಭಾರತದವು. ಅವರ ಬಳಿ ಮತದಾರರ ಚೀಟಿ ಇದೆಯೇ ಎಂದು ಕೇಳಿ ನೋಡಿ, ನೆರೆಮನೆಯವರನ್ನಲ್ಲ, ಅವರನ್ನೇ.