ಥೇಮ್ಸ್ ತೀರದ ಲಂಡನ್

ನಗರವೊಂದನ್ನು ಅದರ ಗೋಪುರಗಳಿಂದ ಅಳೆಯುವುದು ಲೋಕರೂಢಿ. ಆದರೆ ಅದು ತನ್ನ ನದಿಯನ್ನು ಹೇಗೆ ನಡೆಸಿಕೊಂಡಿತೆಂಬುದೂ ಒಂದು ಅಳತೆಗೋಲು. ಬ್ರಿಟನ್ನಿನ ರಾಜಧಾನಿಯಾದ ಲಂಡನ್ನಿನ ಇತಿಹಾಸ ಇದಕ್ಕೆ ಉತ್ತಮ ನಿದರ್ಶನ.

ಥೇಮ್ಸ್ ನದಿ ಕಾಟ್ಸ್‌ವೋಲ್ಡ್ ಗುಡ್ಡಗಾಡಿನಲ್ಲಿ ಹುಟ್ಟಿ, ಸುಮಾರು 346 ಕಿ.ಮೀ. ಪೂರ್ವಾಭಿಮುಖವಾಗಿ ಹರಿದು ಉತ್ತರ ಸಮುದ್ರವನ್ನು ಸೇರುತ್ತದೆ. ಕಡಲಿನ ಉಬ್ಬರವಿಳಿತಗಳು ನಗರದ ಒಡಲೊಳಕ್ಕೂ ಬರುತ್ತವೆ. ಹಡಗುಗಳಿಗೆ ಅನುಕೂಲವಾದ ಈ ತಾಣದಲ್ಲಿ ಕ್ರಿ.ಶ. 50ರ ಸುಮಾರಿಗೆ ರೋಮನ್ನರು 'ಲಂಡೀನಿಯಂ' ಪಟ್ಟಣವನ್ನು ಕಟ್ಟಿದರು. ಹನ್ನೊಂದನೆಯ ಶತಮಾನದಲ್ಲಿ ವಿಲಿಯಂ ದೊರೆ 'ಟವರ್' ಕೋಟೆಯನ್ನು ಆರಂಭಿಸಿದನು. 1666ರಲ್ಲಿ ಪುಡಿಂಗ್ ಲೇನಿನ ರೊಟ್ಟಿಯಂಗಡಿಯೊಂದರಲ್ಲಿ ಹೊತ್ತಿದ ಬೆಂಕಿ ಸುಮಾರು 13,000 ಮನೆಗಳನ್ನು ಆಹುತಿ ಕೊಂಡಿತು. ಆ ಬೂದಿಯ ಮೇಲೆ ಶಿಲ್ಪಿ ಕ್ರಿಸ್ಟೋಫರ್ ರೆನ್ ಸೇಂಟ್ ಪಾಲ್ ದೇವಾಲಯವನ್ನು ಹೊಸದಾಗಿ ಎತ್ತಿ ನಿಲ್ಲಿಸಿದನು. 1834ರಲ್ಲಿ ಸುಟ್ಟ ಪಾರ್ಲಿಮೆಂಟ್ ಭವನವೂ ಹೀಗೆಯೇ ಪುನಃ ಎದ್ದಿತು.

ಬೆಂಕಿಯನ್ನು ಗೆದ್ದ ನಗರ ಹೊಲಸಿಗೆ ಸೋತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಜನಸಂಖ್ಯೆ ಮಿತಿಮೀರಿ ಬೆಳೆದು, ಊರ ಮಲಿನವೆಲ್ಲ ಥೇಮ್ಸಿಗೆ ಬಿತ್ತು. ಅದೇ ನೀರನ್ನು ಜನ ಕುಡಿದರು. 1848-49ರ ಕಾಲರಾ ಬೇನೆಗೆ 14,000 ಮಂದಿ ಬಲಿಯಾದರು. 1854ರಲ್ಲಿ ವೈದ್ಯ ಜಾನ್ ಸ್ನೋ, ರೋಗದ ಮೂಲ ಕೆಟ್ಟ ಗಾಳಿಯಲ್ಲ, ಕೆಟ್ಟ ನೀರು ಎಂಬುದಕ್ಕೆ ಸಾಕ್ಷ್ಯ ಒದಗಿಸಿದರೂ ಅಧಿಕಾರಸ್ಥರು ಮನಗಾಣಲಿಲ್ಲ. 1858ರ ಬೇಸಿಗೆಯಲ್ಲಿ ದುರ್ನಾತ ಪಾರ್ಲಿಮೆಂಟಿನ ಕಿಟಕಿಗಳನ್ನೇ ಹೊಕ್ಕಾಗ ಮಾತ್ರ ಕೆಲವೇ ವಾರಗಳಲ್ಲಿ ಕಾನೂನು ಸಿದ್ಧವಾಯಿತು. ಬಡವರ ಸಾವು ಮಾಡಿಸದ ಕೆಲಸವನ್ನು ಒಡೆಯರ ಮೂಗು ಮಾಡಿಸಿತು!

ಎಂಜಿನಿಯರ್ ಜೋಸೆಫ್ ಬಜಲ್ಗೆಟ್ ಹೊಣೆ ಹೊತ್ತನು. ನದಿಗೆ ಬೀಳುತ್ತಿದ್ದ ಹಳೆಯ ಚರಂಡಿಗಳನ್ನು ಅಡ್ಡಗಟ್ಟಿ, ನದಿಗೆ ಸಮಾನಾಂತರವಾಗಿ ನೆಲದಡಿಯಲ್ಲಿ ದೊಡ್ಡ ಕಾಲುವೆಗಳನ್ನು ಹಾಯಿಸಿದನು. ಮಲಿನವನ್ನು ನಗರದಾಚೆ ಪೂರ್ವಕ್ಕೆ ಒಯ್ದು, ಕಡಲಿಳಿತದ ವೇಳೆ ನೋಡಿ ಬಿಡುವುದು ಆತನ ಯೋಜನೆ. ಇದಕ್ಕೆ 31 ಕೋಟಿಗೂ ಮಿಕ್ಕಿ ಇಟ್ಟಿಗೆಗಳು ಬೇಕಾದವು. ಸಾವಿರಾರು ಕೂಲಿಕಾರರು ಕೆಸರಿನಲ್ಲಿ ನಿಂತು ದುಡಿದರು. 1866ರಲ್ಲಿ ಕಾಲರಾ ಮರಳಿ ಬಂದಾಗ, ಕಾಮಗಾರಿ ಇನ್ನೂ ಮುಗಿಯದಿದ್ದ ಪೂರ್ವಭಾಗವೇ ಹೆಚ್ಚು ನರಳಿತು. ಆ ಕಾಲುವೆಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳ ಭಾರವನ್ನು ಇಳಿಸಲು 25 ಕಿ.ಮೀ. ಉದ್ದದ ಹೊಸ ಸುರಂಗವೊಂದು 2025ರಲ್ಲಿ ಪೂರ್ಣವಾಗಿ ಜೋಡಣೆಗೊಂಡಿತು.

ತಗ್ಗಿನ ಲ್ಯಾಂಬೆತ್ ಪ್ರದೇಶವನ್ನು ನೆರೆಯಿಂದ ಕಾಯಲು ಇದೇ ಬಜಲ್ಗೆಟ್ 1866-69ರಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ದಂಡೆಗಟ್ಟೆಯನ್ನು ಕಟ್ಟಿಸಿದನು. ಆ ದಂಡೆಯ ಮೇಲೆಯೇ 14 ನವೆಂಬರ್ 2015ರಂದು ವಿಶ್ವಗುರು ಬಸವಣ್ಣನವರ ಪ್ರತಿಮೆಯನ್ನು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ನದಿಯಾಚೆ ಪಾರ್ಲಿಮೆಂಟ್ ಭವನವಿರುವುದರಿಂದ ಅನುಭವಮಂಟಪವನ್ನು ನೆನೆಯುವುದು ಶರಣಬಂಧುಗಳಿಗೆ ಸಹಜ. ಅದು ಉಚಿತವೂ ಹೌದು.

ಆದರೆ ಮಕ್ಕಳನ್ನು ಕಾಣಲು ಲಂಡನ್ನಿಗೆ ಹೋಗುವ ನಮ್ಮ ಹಿರಿಯರು ಅಲ್ಲಿ ನಮಿಸಿದ ಬಳಿಕ ಕಾಲಡಿಯ ಕಲ್ಲುಕಟ್ಟೆಯನ್ನೂ ಒಮ್ಮೆ ನೋಡಬೇಕು. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನನ್ನು ಶರಣೆಯೆಂದು ಗೌರವಿಸಿದ ಪರಂಪರೆ ನಮ್ಮದು. ಹೆಸರಿಲ್ಲದ ಕೂಲಿಕಾರರು ಕಟ್ಟಿದ ದಂಡೆಯ ಮೇಲೆ ಬಸವಣ್ಣನವರು ನೆಲೆನಿಂತಿರುವುದು ಎಷ್ಟು ಅರ್ಥಪೂರ್ಣ! ಊರ ಹೊಲಸನ್ನು ತೊಳೆಯುವವರನ್ನು ಕೀಳಾಗಿ ಕಾಣುವ ಮನಸ್ಸು ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದ್ದರೆ, ಮೊದಲು ಶುಚಿಯಾಗಬೇಕಾದದ್ದು ಅದೇ.